ಜುಲೈ 8: ನಾಲ್ಕು ಪಂದ್ಯಗಳು, ತಿದ್ದಿಕೊಂಡ ಒಂದು ಆಟ

ವಿಶ್ವಕಪ್ ಫುಟ್‌ಬಾಲ್‌ನ ನಾಲ್ಕು ದೊಡ್ಡ ಪಂದ್ಯಗಳು ಜುಲೈ 8ರಂದೇ ನಡೆದಿವೆ: 1982ರ ಫ್ರಾನ್ಸ್–ಪಶ್ಚಿಮ ಜರ್ಮನಿ ಸೆಮಿಫೈನಲ್, 1990ರ ಫೈನಲ್, 1998ರ ಫ್ರಾನ್ಸ್–ಕ್ರೊಯೇಷ್ಯಾ ಸೆಮಿಫೈನಲ್ ಮತ್ತು 2014ರಲ್ಲಿ ಬ್ರೆಜಿಲ್ ಏಳು ಗೋಲು ತಿಂದ ಪಂದ್ಯ. ಇದು ಬರೀ ಕಾಕತಾಳೀಯ, ಟೂರ್ನಿ ಸಾಮಾನ್ಯವಾಗಿ ಜೂನ್–ಜುಲೈನಲ್ಲಿ ನಡೆಯುವುದರಿಂದ ಕೊನೆಯ ಘಟ್ಟದ ಪಂದ್ಯಗಳು ಈ ದಿನಾಂಕಕ್ಕೆ ಬೀಳುವುದು ಸಹಜ ಎಂದು ಯಾರಾದರೂ ಆಕ್ಷೇಪಿಸಬಹುದು. ಮಾತು ಸರಿಯೇ, 2014ರ ಪಂದ್ಯವಂತೂ ಭಾರತದ ಗಡಿಯಾರದಲ್ಲಿ 9ರ ನಸುಕಿನ ಒಂದೂವರೆಗೆ ಶುರುವಾಗಿತ್ತು. ದಿನಾಂಕಕ್ಕೆ ಯಾವ ಮಹಿಮೆಯೂ ಇಲ್ಲ. ಆದರೆ ಒಂದೇ ಮಟ್ಟದ ನಾಲ್ಕು ಪಂದ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಅದು ಒಳ್ಳೆಯ ನೆಪ. ಹಾಗೆ ನೋಡಿದರೆ ಫುಟ್‌ಬಾಲ್ ತನ್ನ ಎರಡು ಕೊರತೆಗಳನ್ನು ಹೇಗೆ ಗುರುತಿಸಿಕೊಂಡಿತು, ಒಂದನ್ನು ಬೇಗ, ಇನ್ನೊಂದನ್ನು ಬಹಳ ತಡವಾಗಿ ಹೇಗೆ ತಿದ್ದಿಕೊಂಡಿತು ಎಂಬುದು ಕಾಣುತ್ತದೆ.

ಮೊದಲ ಪಂದ್ಯ ಸೆವಿಲ್ಲಾದ್ದು. 1–1ರ ಸಮಬಲದ ಬಳಿಕ ಹೆಚ್ಚುವರಿ ಸಮಯದಲ್ಲಿ ಫ್ರಾನ್ಸ್ 3–1ಕ್ಕೆ ಏರಿತು. ಜರ್ಮನಿಯ ರುಮೆನಿಗೆ ಒಂದು ಗೋಲು ಮರಳಿಸಿದ, ಫಿಷರ್ ಬೆನ್ನು ಹಿಂದಕ್ಕೆ ಚೆಲ್ಲಿ ಒದ್ದ ಚೆಂಡು 3–3 ಮಾಡಿತು. ವಿಶ್ವಕಪ್‌ನ ಮೊಟ್ಟಮೊದಲ ಪೆನಾಲ್ಟಿ ಶೂಟೌಟ್‌ನಲ್ಲಿ ಜರ್ಮನಿ 5–4ರಿಂದ ಗೆದ್ದಿತು. ಆದರೂ ಜನರ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ಉಳಿದದ್ದು ದ್ವಿತೀಯಾರ್ಧದ ಒಂದು ಕ್ಷಣ. ಪ್ಲಾಟಿನಿ ಕೊಟ್ಟ ಪಾಸ್‌ಗೆ ಫ್ರಾನ್ಸ್‌ನ ಬ್ಯಾಟಿಸ್ಟನ್ ಒಂಟಿಯಾಗಿ ನುಗ್ಗಿ ಚೆಂಡು ಒದ್ದ. ಅದು ಗೋಲಿನಾಚೆ ಹೋಯಿತು. ಎದುರಿನಿಂದ ಓಡಿಬಂದ ಗೋಲ್‌ಕೀಪರ್ ಶೂಮಾಖರ್ ಗಾಳಿಯಲ್ಲಿ ಹಾರಿ ಮೈಯಿಂದ ಅವನಿಗೆ ಅಪ್ಪಳಿಸಿದ. ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದ, ಹಲ್ಲು ಕಳೆದುಕೊಂಡ, ಸ್ಟ್ರೆಚರ್‌ನಲ್ಲಿ ಹೊರಗೆ ಹೋದ. ರೆಫರಿ ಕೊಟ್ಟದ್ದು ಗೋಲ್‌ ಕಿಕ್. ಫೌಲ್ ಇಲ್ಲ, ಕಾರ್ಡ್ ಇಲ್ಲ. ಒರಟು ಆಟಕ್ಕೆ ಹೊರಗಟ್ಟುವ ನಿಯಮ ಆಗಲೂ ಇತ್ತು. ಇಲ್ಲದೇ ಇದ್ದದ್ದು ಮತ್ತೊಮ್ಮೆ ನೋಡುವ ದಾರಿ. ಟಿ.ವಿ. ಮುಂದಿದ್ದ ಕೋಟ್ಯಂತರ ಜನ ಕಂಡದ್ದನ್ನು ತೀರ್ಪು ಕೊಡಬೇಕಾದವನು ಕಾಣುವಂತಿರಲಿಲ್ಲ.

1990ರ ರೋಮ್ ಫೈನಲ್ ಇನ್ನೊಂದು ಕೊರತೆಯನ್ನು ಬಯಲಿಗಿಟ್ಟಿತು: ಆಟವನ್ನು ಕೆಡಿಸುವವರಿಗೆ ನಿಯಮಗಳೇ ಅನುಕೂಲವಾಗಿದ್ದವು. ಎರಡು ಶೂಟೌಟ್ ದಾಟಿ ಬಂದಿದ್ದ ಅರ್ಜೆಂಟೀನಾ ಆ ದಿನ ತಡೆಯುವುದನ್ನೇ ನೆಚ್ಚಿಕೊಂಡಿತು. ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಕಂಡ ಮೊದಲಿಗ ಅದರ ಮೊನ್ಸೋನ್. ಡೆಸೋಟಿಯೂ ಅವನ ಹಿಂದೆ ಹೊರನಡೆದ. 85ನೇ ನಿಮಿಷದಲ್ಲಿ ಪಶ್ಚಿಮ ಜರ್ಮನಿಯ ಬ್ರೆಹ್ಮೆ ಹೊಡೆದ ಪೆನಾಲ್ಟಿಯೇ ಪಂದ್ಯದ ಏಕೈಕ ಗೋಲು. ಆ ಟೂರ್ನಿಯ 52 ಪಂದ್ಯಗಳಲ್ಲಿ ಬಂದದ್ದು 115 ಗೋಲು, ಸರಾಸರಿ 2.21, ವಿಶ್ವಕಪ್ ಇತಿಹಾಸದಲ್ಲೇ ಕನಿಷ್ಠ. ಮದ್ದು ಬೇಗ ಬಂತು. ಸಹ ಆಟಗಾರ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ 1992ರಲ್ಲಿ ಜಾರಿಯಾಯಿತು. 1994ರ ವಿಶ್ವಕಪ್‌ನಿಂದ ಗೆಲುವಿಗೆ ಮೂರು ಅಂಕ. ಕಾಲಹರಣ ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ.

ನಿಯಮ ಬಿಗಿಯಾದಷ್ಟೂ ನಟನೆ ಹೆಚ್ಚುತ್ತದೆ ಎಂಬ ಆಕ್ಷೇಪಕ್ಕೆ 1998ರ ಸೆಮಿಫೈನಲ್ ಸಾಕ್ಷಿ. ಷೂಕರ್ ಕ್ರೊಯೇಷ್ಯಾಕ್ಕೆ ಗೋಲು ತಂದ ಮರುನಿಮಿಷವೇ ಡಿಫೆಂಡರ್ ತುರಾಮ್ ಸಮ ಮಾಡಿದ, ಆಮೇಲೆ ಗೆಲುವಿನ ಗೋಲನ್ನೂ ಹೊಡೆದ. ಫ್ರಾನ್ಸ್ ಪರ 142 ಪಂದ್ಯ ಆಡಿದ ಅವನ ಗೋಲುಗಳು ಇವೆರಡೇ. ಆದರೆ ಲೋರಾಂ ಬ್ಲಾಂ ಕೈ ತಗುಲಿದಾಗ ಕ್ರೊಯೇಷ್ಯಾದ ಬಿಲಿಚ್ ಮುಖ ಹಿಡಿದು ನೆಲಕ್ಕುರುಳಿದ. ಬ್ಲಾಂಗೆ ಕೆಂಪು ಕಾರ್ಡ್, ತವರಿನ ಫೈನಲ್ ಕೈತಪ್ಪಿತು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅದು ಹೇಳುವುದು ಶಿಕ್ಷೆ ತಪ್ಪು ಎಂದಲ್ಲ, ಒಂದು ಜೊತೆ ಕಣ್ಣನ್ನೇ ನಂಬಿ ಶಿಕ್ಷಿಸುವುದು ತಪ್ಪು ಎಂದು. ಶೂಮಾಖರ್ ಪಾರಾದದ್ದಕ್ಕೂ ಬ್ಲಾಂ ಸಿಕ್ಕಿಬಿದ್ದದ್ದಕ್ಕೂ ಕಾರಣ ಒಂದೇ. ವಿಡಿಯೊ ನೆರವು ವಿಶ್ವಕಪ್‌ಗೆ ಬಂದದ್ದು 2018ರಲ್ಲಿ, ಸೆವಿಲ್ಲಾದಿಂದ 36 ವರ್ಷಕ್ಕೆ. ಅದರಿಂದ ಆಟದ ಓಘ ಕೆಡುತ್ತದೆ ಎಂಬ ದೂರು ಸುಳ್ಳಲ್ಲ. ಆದರೂ ಕೆಲವು ನಿಮಿಷಗಳ ಕಾಯುವಿಕೆ ಅಂಥ ಅನ್ಯಾಯಕ್ಕಿಂತ ಹಗುರ.

2014ರ ಬೆಲೊ ಹೊರಿಜಾಂಟೆಯಲ್ಲಿ ವಿವಾದಕ್ಕೆ ಎಡೆಯೇ ಇರಲಿಲ್ಲ. 23ರಿಂದ 29ನೇ ನಿಮಿಷದೊಳಗೆ ಜರ್ಮನಿ ನಾಲ್ಕು ಗೋಲು ಹೊಡೆಯಿತು. ಅವುಗಳಲ್ಲಿ ಮೊದಲನೆಯದು ಕ್ಲೋಸೆಯ 16ನೇ ವಿಶ್ವಕಪ್ ಗೋಲಾಗಿ ಬ್ರೆಜಿಲ್‌ನ ರೊನಾಲ್ಡೊ ದಾಖಲೆ ಮುರಿಯಿತು. ಕ್ರೂಸ್‌ನ ಎರಡನೇ ಗೋಲನ್ನು ಗಮನಿಸಬೇಕು: ಮಧ್ಯದಿಂದ ಆಟ ಮರುಶುರುವಾದ ಕೂಡಲೇ ಫರ್ನಾಂಡಿನೊ ಕಾಲಿನಿಂದ ಚೆಂಡು ಕಸಿದು, ಖೆದಿರಾ ಜೊತೆ ಕೊಟ್ಟು ಪಡೆದು ಒಳಗೆ ತಳ್ಳಿದ. 7–1ಕ್ಕೆ ನೇಮಾರ್ ಮತ್ತು ಥಿಯಾಗೊ ಸಿಲ್ವಾ ಇಲ್ಲದಿದ್ದದ್ದೂ ಬ್ರೆಜಿಲ್ ಎದೆಗುಂದಿದ್ದೂ ಕಾರಣ, ನಿಯಮವಲ್ಲ ಎನ್ನಬಹುದು. ನಿಯಮ ಯಾರನ್ನೂ ಗೆಲ್ಲಿಸುವುದಿಲ್ಲ, ನಿಜ. ಯಾವ ಬಗೆಯ ಧೈರ್ಯಕ್ಕೆ ಫಲ ಸಿಗಬೇಕೆಂಬುದನ್ನು ನಿರ್ಧರಿಸುತ್ತದೆ. ಎದುರಾಳಿಯ ನೆಲದಲ್ಲೇ ಚೆಂಡು ಕಸಿಯುವ ಆಟ 1992ರ ನಂತರ ಹೆಚ್ಚು ಲಾಭದಾಯಕವಾಯಿತು, ಏಕೆಂದರೆ ಒತ್ತಡಕ್ಕೆ ಸಿಕ್ಕ ಡಿಫೆಂಡರ್‌ಗೆ ಗೋಲ್‌ಕೀಪರ್‌ನ ಕೈಗಳ ಆಸರೆ ತಪ್ಪಿತು. ಗೋಲುಗಳನ್ನಷ್ಟೇ ನೆನೆಯುವ ಪಟ್ಟಿಗಳು ಈ ಬೆಳವಣಿಗೆಯನ್ನು ಹೇಳುವುದಿಲ್ಲ. ರೋಮ್‌ನ ನೀರಸ ಫೈನಲ್ಲೂ ಬ್ಯಾಟಿಸ್ಟನ್‌ಗಾದ ಅನ್ಯಾಯವೂ ಫಿಷರ್‌ನ ಗೋಲಿನಷ್ಟೇ ನೆನಪಿಗೆ ಅರ್ಹ. ಇಂದಿನ ಒಳ್ಳೆಯ ಆಟ ಅವುಗಳಿಂದ ಕಲಿತ ಪಾಠಕ್ಕೂ ಋಣಿಯಾಗಿದೆ.