ಬೀದಿಯ ಗದ್ದಲ ಮತ್ತು 1864ರ ಶಾಸನ

ನಗರದ ಗದ್ದಲವು ಚಿತ್ತಸ್ವಾಸ್ಥ್ಯವನ್ನು ಕೆಡಿಸುವುದೆಂಬ ದೂರು ಕಾನೂನಿನವರೆಗೆ ಮುಟ್ಟಿದ ಬಗೆಯನ್ನು ತಿಳಿಯಬೇಕಾದರೆ ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರವನ್ನು ನೋಡಬೇಕು. ಚರಿತ್ರಕಾರ ಥಾಮಸ್ ಕಾರ್ಲೈಲನು 1853ರಲ್ಲಿ ಚೆಲ್ಸಿಯ ತನ್ನ ಮನೆಯ ಮಾಳಿಗೆಯ ಮೇಲೆ ಸದ್ದು ಹೊಗದಂತೆ ಬರೆವಣಿಗೆಯ ಕೋಣೆಯೊಂದನ್ನು ಕಟ್ಟಿಸಿದನು. ಹಣ ವ್ಯಯವಾಯಿತೇ ಹೊರತು ನಿಶ್ಶಬ್ದವು ದೊರೆಯಲಿಲ್ಲ. ಚಾರ್ಲ್ಸ್ ಬ್ಯಾಬೇಜನು ಬೀದಿಯ ವಾದ್ಯಗಾರರ ಉಪದ್ರವದಿಂದ ತನ್ನ ದುಡಿಮೆಯ ಶಕ್ತಿಯಲ್ಲಿ ಕಾಲುಭಾಗ ನಷ್ಟವಾಯಿತೆಂದು ಲೆಕ್ಕ ಹಾಕಿದನು; ಗಣಿತಜ್ಞನು ಸಂಕಟವನ್ನೂ ಎಣಿಸದೆ ಬಿಡನು!

1864ರಲ್ಲಿ ಪಾರ್ಲಿಮೆಂಟಿನ ಸದಸ್ಯ ಮೈಕೇಲ್ ಬಾಸನ ಪ್ರಯತ್ನದಿಂದ ಶಾಸನವಾಯಿತು. ಮನೆಯವನು ಕಾಯಿಲೆಯನ್ನಾಗಲಿ ಕೆಲಸಕ್ಕೆ ಒದಗಿದ ಭಂಗವನ್ನಾಗಲಿ ಕಾರಣವಾಗಿ ಹೇಳಿದರೆ ವಾದ್ಯಗಾರನು ಅಲ್ಲಿಂದ ತೆರಳಬೇಕು. ಇವೆರಡನ್ನೂ ಒಂದೇ ಸಾಲಿನಲ್ಲಿಟ್ಟುದು ಗಮನಾರ್ಹ. ಆದರೆ ಶಾಸನವು ಅಟ್ಟಿದುದು ಯಾರನ್ನು? ಹೊಟ್ಟೆಪಾಡಿಗಾಗಿ ಆರ್ಗನ್ ತಿರುಗಿಸುತ್ತಿದ್ದ ಬಡವರನ್ನು. ಅವರಲ್ಲಿ ಇಟಲಿಯಿಂದ ಬಂದವರು ಅನೇಕರು. ಕಲ್ಲುಹಾಸಿನ ಮೇಲೆ ಉರುಳುವ ಸಿರಿವಂತರ ಸಾರೋಟುಗಳನ್ನು ಅದು ಮುಟ್ಟಲಿಲ್ಲ. ಆದ್ದರಿಂದ ಇದನ್ನು ಬರಿಯ ಆರೋಗ್ಯದ ಶಾಸನವೆಂದು ಕರೆಯಲು ಮನಸ್ಸು ಒಪ್ಪದು.

ನ್ಯೂಯಾರ್ಕಿನಲ್ಲಿ 1906ರಲ್ಲಿ ಅನಾವಶ್ಯಕ ಗದ್ದಲದ ನಿವಾರಣೆಗಾಗಿ ಸಂಘವನ್ನು ಸ್ಥಾಪಿಸಿದ ಜೂಲಿಯಾ ಬಾರ್ನೆಟ್ ರೈಸ್ ಎಂಬಾಕೆ ವಾದಿಸಿದುದು ಆಸ್ಪತ್ರೆಯ ರೋಗಿಗಳ ಪರವಾಗಿ. ಅದೇ ನಗರದಲ್ಲಿ ಆರ್ಲೀನ್ ಬ್ರಾನ್ಜಾಫ್ಟ್ ಮತ್ತು ಆಕೆಯ ಸಹೋದ್ಯೋಗಿ 1975ರಲ್ಲಿ ಪ್ರಕಟಿಸಿದ ಅಧ್ಯಯನವು ಮಕ್ಕಳ ಕಡೆಗೆ ತಿರುಗಿತು. ಎತ್ತರಿಸಿದ ರೈಲುಹಳಿಯ ಬದಿಯ ಕೊಠಡಿಗಳ ಮಕ್ಕಳು ಅದೇ ಶಾಲೆಯ ಮತ್ತೊಂದು ಬದಿಯವರಿಗಿಂತ ಓದಿನಲ್ಲಿ ಹಿಂದುಳಿದಿದ್ದರು. ಹಳಿಗೆ ರಬ್ಬರಿನ ಮೆತ್ತೆ, ಕೊಠಡಿಗಳಿಗೆ ಸದ್ದು ಹೀರುವ ಒಳಚಾವಣಿ ಹಾಕಿದ ಮೇಲೆ, 1981ರ ವರದಿಯಂತೆ, ಆ ಅಂತರವು ಕಾಣದಾಯಿತು.