ಧ್ಯಾನ ಮಾಡಿದರೆ ಖಿನ್ನತೆಯ ಮಾತ್ರೆ ನಿಲ್ಲಿಸಬಹುದೇ?

ನಮ್ಮ ಹಿರಿಯರು ಸಾವಿರಾರು ವರ್ಷಗಳ ಹಿಂದೆ ಹೇಳಿದ್ದನ್ನು ಈಗ ವಿಜ್ಞಾನವೂ ಒಪ್ಪಿದೆ, ಆದ್ದರಿಂದ ದಿನಾ ಧ್ಯಾನ ಮಾಡಿ, ಖಿನ್ನತೆಯ ಮಾತ್ರೆ ಬಿಟ್ಟುಬಿಡಿ ಎನ್ನುವ ಧಾಟಿಯ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಇವುಗಳ ಮೊದಲರ್ಧದಲ್ಲಿ ಸಾಕಷ್ಟು ನಿಜವಿದೆ. ಎರಡನೆಯ ಅರ್ಧ ಮಾತ್ರ ಅಪಾಯಕಾರಿ. ಯಾಕೆ ಎಂದು ನೋಡೋಣ.

ಧ್ಯಾನ ಆಸ್ಪತ್ರೆಗೆ ಬಂದದ್ದು ಹೇಗೆ?

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಝಿನ್ ಎಂಬುವರು ಒಂದು ತರಬೇತಿ ಶುರು ಮಾಡಿದರು. ಅವರು ಝೆನ್ ಧ್ಯಾನ ಮತ್ತು ಯೋಗವನ್ನು ಅಭ್ಯಾಸ ಮಾಡಿದ್ದ ವಿಜ್ಞಾನಿ. ಔಷಧಿಯಿಂದ ಪೂರ್ತಿ ಗುಣವಾಗದ, ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಅವರು ಉಸಿರನ್ನೂ ಮೈಯನ್ನೂ ಗಮನಿಸುವುದನ್ನು ಕಲಿಸಿದರು. ಮಂತ್ರ, ಪೂಜೆ, ನಂಬಿಕೆ ಯಾವುದೂ ಅದರಲ್ಲಿರಲಿಲ್ಲ. ಇದೇ ಇಂದು ‘ಮೈಂಡ್‌ಫುಲ್‌ನೆಸ್’ ಎಂದು ಹೆಸರಾಗಿದೆ. ಈ ಪದದ ಹಿಂದಿರುವುದು ಬೌದ್ಧ ಗ್ರಂಥಗಳ ಪಾಲಿ ಭಾಷೆಯ ‘ಸತಿ’, ಅಂದರೆ ಸಂಸ್ಕೃತದ ‘ಸ್ಮೃತಿ’. ಸದ್ಯದ ಕ್ಷಣದ ಅರಿವು ತಪ್ಪದಂತೆ ಇರುವುದು ಎಂದು ಇದರ ಅರ್ಥ.

ಮುಂದೆ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇದನ್ನು ಆಧುನಿಕ ಮಾತಿನ ಚಿಕಿತ್ಸೆಯ ಜೊತೆ ಸೇರಿಸಿ, ಖಿನ್ನತೆ ಮರುಕಳಿಸದಂತೆ ತಡೆಯುವ 8 ವಾರಗಳ ಕ್ರಮವೊಂದನ್ನು ರೂಪಿಸಿದರು.

ಇದು ಕೆಲಸ ಮಾಡುವುದು ಹೇಗೆ?

ಒಮ್ಮೆ ಖಿನ್ನತೆಗೆ ಒಳಗಾದವರಿಗೆ ಸಣ್ಣ ಬೇಸರವೂ ಹಳೆಯ ಯೋಚನೆಗಳ ಸರಪಳಿಯನ್ನೇ ಎಳೆದು ತರಬಹುದು. ‘ನನ್ನಿಂದ ಏನೂ ಆಗುವುದಿಲ್ಲ’ ಎಂಬ ಯೋಚನೆ ಬಂತು ಎನ್ನಿ. ಮನಸ್ಸು ಅದನ್ನೇ ಮೆಲುಕು ಹಾಕುತ್ತಾ ಇನ್ನಷ್ಟು ಕುಗ್ಗುತ್ತದೆ. ಮಾತಿನ ಚಿಕಿತ್ಸೆ ಈ ಯೋಚನೆ ನಿಜವೇ, ಇದಕ್ಕೆ ಆಧಾರವೇನು ಎಂದು ಕೇಳುತ್ತದೆ. ಧ್ಯಾನದ ಅಭ್ಯಾಸ ಇನ್ನೊಂದು ದಾರಿ ತೋರಿಸುತ್ತದೆ: ಅದರ ಜೊತೆ ವಾದಕ್ಕೂ ಇಳಿಯದೆ, ಅದನ್ನು ನಂಬಿಯೂ ಬಿಡದೆ, ‘ಇಂಥದ್ದೊಂದು ಯೋಚನೆ ಬಂದಿದೆ’ ಎಂದು ಸುಮ್ಮನೆ ಗಮನಿಸುವುದು. ನಮ್ಮಲ್ಲಿ ಸಾಕ್ಷಿಭಾವ ಎನ್ನುವುದು ಇದಕ್ಕೆ ಹತ್ತಿರದ ಮಾತು. ಹೀಗೆ ಮಾಡಿದಾಗ ಮೆಲುಕು ಹಾಕುವ ಸುಳಿಗೆ ಸಿಕ್ಕಿಬೀಳುವ ಮೊದಲೇ ಎಚ್ಚೆತ್ತುಕೊಳ್ಳಲು ಅವಕಾಶ ಸಿಗುತ್ತದೆ.

ಸಂಶೋಧನೆ ನಿಜವಾಗಿ ಹೇಳಿದ್ದೇನು?

2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದು ಇಲ್ಲಿ ಮುಖ್ಯ. ಅದರಲ್ಲಿ 424 ಮಂದಿ ಭಾಗವಹಿಸಿದ್ದರು. ಒಂದು ಗುಂಪು ಮಾತ್ರೆ ಮುಂದುವರಿಸಿತು. ಇನ್ನೊಂದು ಗುಂಪು 8 ವಾರಗಳ ತರಬೇತಿ ಪಡೆದು, ವೈದ್ಯರ ನೆರವಿನಿಂದ ಮಾತ್ರೆಯನ್ನು ಹಂತ ಹಂತವಾಗಿ ಕಡಿಮೆ ಮಾಡಿತು. ಎರಡು ವರ್ಷಗಳಲ್ಲಿ ತರಬೇತಿ ಪಡೆದವರಲ್ಲಿ 44% ಮಂದಿಗೆ, ಮಾತ್ರೆ ಮುಂದುವರಿಸಿದವರಲ್ಲಿ 47% ಮಂದಿಗೆ ಖಿನ್ನತೆ ಮರುಕಳಿಸಿತು. ಈ ವ್ಯತ್ಯಾಸ ತೀರಾ ಚಿಕ್ಕದು. ಹಾಗಾಗಿ ಧ್ಯಾನ ಮಾತ್ರೆಗಿಂತ ಮೇಲು ಎಂದು ಇದು ಸಾಬೀತು ಮಾಡಲಿಲ್ಲ.

ಇಂಥ ಫಾರ್ವರ್ಡ್‌ಗಳು ಬಿಟ್ಟುಬಿಡುವ ಮೂರು ವಿಷಯಗಳು ಇಲ್ಲೇ ಇವೆ:

• ಭಾಗವಹಿಸಿದವರು ಹಿಂದೆ ಮೂರು ಅಥವಾ ಹೆಚ್ಚು ಬಾರಿ ಖಿನ್ನತೆಗೆ ಒಳಗಾಗಿ, ಆ ಹೊತ್ತಿಗೆ ಚೇತರಿಸಿಕೊಂಡಿದ್ದವರು. ಆಗ ತೀವ್ರ ಖಿನ್ನತೆಯಲ್ಲಿ ಮುಳುಗಿದ್ದವರಲ್ಲ.
• ಅವರು ಕಲಿತದ್ದು ತರಬೇತಿ ಪಡೆದ ಚಿಕಿತ್ಸಕರಿಂದ. ಯೂಟ್ಯೂಬ್ ನೋಡಿ ಅಲ್ಲ.
• ಮಾತ್ರೆ ಕಡಿಮೆ ಮಾಡಿದ್ದು ವೈದ್ಯರಿಗೆ ಹೇಳಿ, ನಿಧಾನವಾಗಿ. ಕಸದ ಬುಟ್ಟಿಗೆ ಎಸೆದಲ್ಲ.

ಥಟ್ಟನೆ ಬಿಟ್ಟರೆ ಏನಾಗುತ್ತದೆ?

ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ನಿದ್ರೆಗೇಡು, ಸಿಡುಕು, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಕಾಯಿಲೆಯೇ ಮರಳಿ ಬರಬಹುದು, ಆತ್ಮಹತ್ಯೆಯ ಯೋಚನೆಗಳೂ ಬರಬಹುದು. ಬೈಪೋಲಾರ್ ಕಾಯಿಲೆ ಅಥವಾ ಸ್ಕಿಜೋಫ್ರೇನಿಯಾ ಇರುವವರು ಮಾತ್ರೆ ಬಿಟ್ಟರೆ ಅಪಾಯ ಇನ್ನೂ ಹೆಚ್ಚು.

ಧ್ಯಾನವೂ ಎಲ್ಲರಿಗೂ ಒಂದೇ ರೀತಿ ಒಗ್ಗುವುದಿಲ್ಲ. ಕೆಲವರಲ್ಲಿ ಆತಂಕ ಹೆಚ್ಚಾದದ್ದು, ಹಳೆಯ ಆಘಾತದ ನೆನಪು ಮರುಕಳಿಸಿದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಹಾಗಾದಾಗ ‘ಇನ್ನೂ ಹೆಚ್ಚು ಹೊತ್ತು ಕೂರು’ ಎಂದು ಒತ್ತಾಯಿಸಬಾರದು. ಅಭ್ಯಾಸ ನಿಲ್ಲಿಸಿ ತಜ್ಞರನ್ನು ಕಾಣಬೇಕು.

ಹಾಗಾದರೆ ಏನು ಮಾಡಬೇಕು?

ಧ್ಯಾನ ಮಾಡಬೇಕೆನಿಸಿದರೆ ಮಾಡಿ, ನಿಮ್ಮ ವೈದ್ಯರಿಗೂ ಅದನ್ನು ಹೇಳಿ. ಮಾತ್ರೆ ಕಡಿಮೆ ಮಾಡುವ ಆಸೆಯಿದ್ದರೆ ಅದನ್ನೂ ಸಂಕೋಚವಿಲ್ಲದೆ ಕೇಳಿ, ಅದು ಕೇಳಬೇಕಾದ ಪ್ರಶ್ನೆಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಮತ್ತು ಯೋಗ ಎರಡೂ ಒಂದೇ ಸಂಸ್ಥೆಯಲ್ಲಿ ಸಿಗುತ್ತವೆ. ಒಂದನ್ನು ಆರಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಿಲ್ಲ. ಮನಸ್ಸು ತೀರಾ ಕುಗ್ಗಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ಗೆ 14416ರಲ್ಲಿ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆ ಬಿಡಿ ಎನ್ನುವ ಸಂದೇಶ ನಿಮ್ಮ ಗುಂಪಿಗೂ ಬಂದರೆ ಮುಂದಕ್ಕೆ ಕಳಿಸಬೇಡಿ. ಅದೇ ಗುಂಪಿನಲ್ಲಿ ಯಾರಿಗೂ ಹೇಳದೆ ಮಾತ್ರೆ ನುಂಗುತ್ತಿರುವವರು ಒಬ್ಬರಾದರೂ ಇರಬಹುದು. ಅದನ್ನು ಓದಿ ಅವರು ಇವತ್ತು ರಾತ್ರಿಯ ಮಾತ್ರೆ ತಪ್ಪಿಸದಿರಲಿ.