ಬಾಸೆಲ್‌ನಿಂದ ಮಂಗಳೂರಿಗೆ: ಹೊರಟವರು ಮತ್ತು ಉಳಿದವರು

ಭಾಗ 1/7

ನಮ್ಮ ಮನೆಯಲ್ಲಿ ಒಂದು ವಾರದಿಂದ ತೂಕದ್ದೇ ಗಲಾಟೆ. ಅಕ್ಕ ನರ್ಸ್ ಕೆಲಸಕ್ಕೆ ಐರ್ಲೆಂಡಿಗೆ ಹೊರಟಿದ್ದಾಳೆ. ಸೂಟ್‌ಕೇಸ್ ತುಂಬಿಸುವುದು, ತೂಗುವುದು, ಎರಡು ಕಿಲೋ ಜಾಸ್ತಿ ಬಂತು ಅಂತ ತೆಗೆಯುವುದು, ಮತ್ತೆ ತುಂಬಿಸುವುದು. ಕುಚ್ಚಲಕ್ಕಿ ಅಲ್ಲಿಯೂ ಸಿಗ್ತದಂತೆ, ಬಿಡು ಅಂತ ಅಕ್ಕ. ಮಿಡಿ ಉಪ್ಪಿನಕಾಯಿ ಬಿಟ್ಟರೆ ನೋಡು ಅಂತ ಅಮ್ಮ.

ಅಕ್ಕನ ಮಗನಿಗೆ ನಾಲ್ಕು ವರ್ಷ. ಅವನು ಸದ್ಯಕ್ಕೆ ನಮ್ಮ ಜೊತೆಯೇ ಇರ್ತಾನೆ. ಅಲ್ಲಿ ಮನೆ, ವೀಸಾ ಎಲ್ಲ ಸರಿಯಾದ ಮೇಲೆ ಕರೆಸಿಕೊಳ್ಳುವುದು ಅಂತ ಮಾತು. ಮೊನ್ನೆ ಅವನೂ ತಕ್ಕಡಿಯ ಮೇಲೆ ನಿಂತು "ಚಿಕ್ಕಿ, ನಾನೆಷ್ಟು?" ಅಂತ ಕೇಳಿದ. 14 ಕಿಲೋ. ಅಕ್ಕ ಎದ್ದು ಅಡುಗೆಮನೆಗೆ ಹೋದಳು.

ಅದೇ ವಾರ ನಾನು ಈ ಪೇಜಿಗೆ ಬಾಸೆಲ್ ಮಿಷನ್ ಬಗ್ಗೆ ಓದ್ತಾ ಇದ್ದೆ. ಪ್ರೆಸ್, ಹಂಚು, ನಿಘಂಟು ಅಂತ ಮಾಮೂಲಿ ಪೋಸ್ಟ್ ಹಾಕಿ ಮುಗಿಸುವ ಅಂದುಕೊಂಡಿದ್ದೆ. ಆದರೆ ಮನೆಯಲ್ಲಿ ಇದೆಲ್ಲ ನಡೆಯುವಾಗ ತಲೆಗೆ ಬೇರೆಯೇ ಪ್ರಶ್ನೆ ಬಂತು. ಆ ಕಾಲದಲ್ಲಿ ಯುರೋಪಿನಿಂದ ಮಂಗಳೂರಿಗೆ ಹೊರಟ ಒಂದು ಕುಟುಂಬ ಏನನ್ನು ಕಟ್ಟಿಕೊಂಡು ಬಂತು, ಯಾರನ್ನು ಬಿಟ್ಟು ಬಂತು? ಹಾಗಾಗಿ ಈ ಸರಣಿ. ಉದ್ದ ಉಂಟು, ಸೇವ್ ಮಾಡಿಟ್ಟು ಓದಿ.

ಭಾಗ 2/7

ಮೊದಲು ಸ್ವಲ್ಪ ಹಿನ್ನೆಲೆ. ಬಾಸೆಲ್ ಎಂದರೆ ಸ್ವಿಟ್ಜರ್ಲೆಂಡಿನ ಒಂದು ನಗರ. ಜರ್ಮನಿ, ಫ್ರಾನ್ಸ್ ಎರಡೂ ದೇಶಗಳ ಗಡಿ ಅದಕ್ಕೆ ತಾಗಿಕೊಂಡೇ ಇದೆ. 1815ರಲ್ಲಿ ಅಲ್ಲಿ ಈ ಮಿಷನ್ ಶುರುವಾಯಿತು. ಮರುವರ್ಷವೇ ತರಬೇತಿ ಶಾಲೆ ತೆರೆಯಿತು. ಇಲ್ಲಿ ತರಬೇತಿ ಪಡೆದವರಲ್ಲಿ ತುಂಬಾ ಜನ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ರೈತರ, ಕುಶಲಕರ್ಮಿಗಳ ಮಕ್ಕಳು. ಅಂದರೆ ದೊಡ್ಡ ಮನೆತನದವರಲ್ಲ, ಕೈಕೆಲಸ ಗೊತ್ತಿದ್ದ ಸಾಮಾನ್ಯ ಹುಡುಗರು.

ಭಾರತಕ್ಕೆ ಬರಬೇಕಾದರೆ ಈಸ್ಟ್ ಇಂಡಿಯಾ ಕಂಪನಿಯ ಅಡ್ಡಿ ಇತ್ತು. 1833ರ ಚಾರ್ಟರ್ ಕಾಯ್ದೆ ಬಂದ ಮೇಲೆ ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಮೂವರು ಹೊರಟರು: ಸ್ಯಾಮುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್. ಆಗ ಸುಯೆಜ್ ಕಾಲುವೆ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಹಾಗಾಗಿ ಇಡೀ ಆಫ್ರಿಕಾ ಖಂಡವನ್ನು ಸುತ್ತಿ ಹಡಗು ಬರಬೇಕು. ತಿಂಗಳುಗಟ್ಟಲೆ ಪ್ರಯಾಣ. ಅಕ್ಟೋಬರಿನಲ್ಲಿ ಕಲ್ಲಿಕೋಟೆಗೆ ಬಂದಿಳಿದು, ತಿಂಗಳ ಕೊನೆಗೆ ಮಂಗಳೂರು ಸೇರಿದರು.

ಕಾಮರ್ಸ್‌ನವರಿಗೆ ಒಂದು ವಿಶೇಷ: ಈ ಹೆಬಿಕ್ ಮಿಷನರಿ ಆಗುವ ಮೊದಲು ವ್ಯಾಪಾರದ ಕೆಲಸದಲ್ಲಿದ್ದವರು. ಒಂದು ಲೆಕ್ಕದಲ್ಲಿ ನಮ್ಮ ಸೀನಿಯರ್. ಕೊನೆಯವರೆಗೂ ಮದುವೆಯಾಗಲಿಲ್ಲ. ಅದು ಯಾಕೆ ಮುಖ್ಯ ಅಂತ ಭಾಗ 4ರಲ್ಲಿ ಗೊತ್ತಾಗ್ತದೆ.

ಭಾಗ 3/7

ಈಗ ನಮಗೆಲ್ಲ ಗೊತ್ತಿರುವ ಪಟ್ಟಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬರೆದಿಟ್ಟುಕೊಳ್ಳಿ.

1841: ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್. ಶುರುವಿನಲ್ಲಿ ಕಲ್ಲಚ್ಚು.
1843 ಜುಲೈ 1: ಹರ್ಮನ್ ಮೊಗ್ಲಿಂಗ್ ಅವರ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ. ನಾವು ಜುಲೈ 1ಕ್ಕೆ ಪತ್ರಿಕಾ ದಿನ ಆಚರಿಸುವುದು ಇದೇ ಕಾರಣಕ್ಕೆ.
1865: ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರು ಮಾಡಿದ ಹಂಚಿನ ಕಾರ್ಖಾನೆ. ನಿಮ್ಮ ಅಜ್ಜಿಮನೆಯ ಮಾಡು ನೋಡಿ, 'ಮಂಗಳೂರು ಹಂಚು' ಅನ್ನುವ ಹೆಸರು ಬಂದದ್ದು ಈ ಊರಿನಿಂದಲೇ.
1894: ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಸುಮಾರು 70,000 ಪದಗಳು.

ಇದೆಲ್ಲ ಸತ್ಯ, ಇದೆಲ್ಲ ದೊಡ್ಡದು. ಅವರು ಬಂದ ಮುಖ್ಯ ಉದ್ದೇಶ ಮತಪ್ರಚಾರ ಅನ್ನುವುದೂ ಸತ್ಯ. ಅದರ ಸರಿ-ತಪ್ಪಿನ ಚರ್ಚೆ ದೊಡ್ಡದು, ಅದಕ್ಕೆ ಬೇರೆ ಪೋಸ್ಟ್ ಬೇಕು. ಇವತ್ತು ನನಗೆ ಕಾಣುವುದು ಬೇರೆ. ಈ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರಿಲ್ಲ, ಒಂದು ಮಗುವಿನ ಹೆಸರಿಲ್ಲ. ಬಿಕಾಂ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಡ್ತಾರೆ, ಪ್ರತಿ ವ್ಯವಹಾರಕ್ಕೂ ಎರಡು ಕಡೆ ಉಂಟು ಅಂತ. ನಾವು ಇಷ್ಟು ವರ್ಷ ಒಂದೇ ಕಡೆ ಓದಿದ್ದೇವೆ.

ಭಾಗ 4/7

ಮದುವೆ ವಿಷಯ.

ಮಿಷನ್‌ನ ನಿಯಮ ಹೀಗಿತ್ತು: ಹುಡುಗ ಒಂಟಿಯಾಗಿಯೇ ಹೊರಡಬೇಕು. ಇಲ್ಲಿ ಬಂದು ಕನಿಷ್ಠ ಎರಡು ವರ್ಷ ಕೆಲಸ ಮಾಡಬೇಕು. ಆಮೇಲೆ ಮದುವೆಗೆ ಅನುಮತಿ ಕೇಳಿ ಬಾಸೆಲ್‌ನ ಕಮಿಟಿಗೆ ಪತ್ರ ಬರೆಯಬೇಕು. ಹೌದು, ಕಮಿಟಿಗೆ! ಹುಡುಗಿ ಯಾರು, ಎಂಥವಳು, ಆರೋಗ್ಯ ಹೇಗೆ, ಭಕ್ತಿ ಹೇಗೆ ಅಂತ ಕಮಿಟಿ ವಿಚಾರಿಸಿ ಒಪ್ಪಬೇಕು. ಎಷ್ಟೋ ಸಲ ಹುಡುಗಿಯನ್ನು ಹುಡುಕಿ ಕೊಡುವುದೂ ಕಮಿಟಿಯೇ.

ಈಗ ಆ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ನಿಮಗೆ ಇಪ್ಪತ್ತು ಚಿಲ್ಲರೆ ವಯಸ್ಸು. ಒಂದು ದಿನ ಪತ್ರ ಬರ್ತದೆ: ಇಂಥವರು ಭಾರತದಲ್ಲಿದ್ದಾರೆ, ನಿಮ್ಮನ್ನು ಕೇಳ್ತಾ ಇದ್ದಾರೆ. ನೀವು ಅವರನ್ನು ನೋಡಿಲ್ಲ. ಒಪ್ಪಿದರೆ ಬಟ್ಟೆಬರೆ ಹೊಲಿಸಿಕೊಳ್ಳಬೇಕು, ಪೆಟ್ಟಿಗೆ ಕಟ್ಟಬೇಕು, ಹಡಗು ಹತ್ತಬೇಕು. ದಡದಲ್ಲಿ ಕಾಯುವ ಅಪರಿಚಿತನ ಜೊತೆ ಕೆಲವೇ ದಿನಗಳಲ್ಲಿ ಮದುವೆ. ಅಪ್ಪ-ಅಮ್ಮನನ್ನು ಮತ್ತೆ ನೋಡ್ತೀರೋ ಇಲ್ಲವೋ, ಯಾರೂ ಹೇಳಲಾರರು.

ಎಲ್ಲರೂ ಪಾಪದವರು ಅಂತ ನಾನು ಹೇಳುವುದಲ್ಲ. ಕೆಲವರು ತಾವೇ ಬಯಸಿ ಬಂದವರು. ಆ ಕಾಲದ ಒಬ್ಬ ಹಳ್ಳಿ ಹುಡುಗಿಗೆ ದೇಶ ಬಿಟ್ಟು ಹೋಗಿ ಶಾಲೆ ನಡೆಸುವುದಕ್ಕೆ ಬೇರೆ ದಾರಿ ಎಲ್ಲಿತ್ತು? ಆದರೆ ಬೆಲೆ ಸಣ್ಣದಲ್ಲ. ಕಿಟ್ಟೆಲ್ 1853ರಲ್ಲಿ 21ನೇ ವಯಸ್ಸಿಗೆ ಇಲ್ಲಿಗೆ ಬಂದರು. 1860ರಲ್ಲಿ ಪೌಲಿನ್ ಐತ್ ಅವರನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಪೌಲಿನ್ ತೀರಿಹೋದರು, ಇಬ್ಬರು ಗಂಡುಮಕ್ಕಳನ್ನು ಬಿಟ್ಟು. 1867ರಲ್ಲಿ ಅವರ ತಂಗಿ ಜೂಲಿ ಕಿಟ್ಟೆಲ್ ಅವರ ಕೈಹಿಡಿದರು. ಅಕ್ಕ ಸತ್ತ ಮನೆಗೆ ತಂಗಿ ಬಂದು, ಅಕ್ಕನ ಮಕ್ಕಳಿಗೆ ತಾಯಿಯಾಗುವುದು. ನಮ್ಮ ಊರಿನ ಹಳೇ ಮನೆಗಳಲ್ಲೂ ಇಂಥ ಕಥೆ ಎಷ್ಟು ಕೇಳಿಲ್ಲ?

'ಮಂಗಳೂರ ಸಮಾಚಾರ'ದ ಮೊಗ್ಲಿಂಗ್ ಮದುವೆಯಾದದ್ದು ತಮ್ಮ ಸಂಬಂಧಿ, ಜೊತೆ ಕೆಲಸಗಾರ ವೈಗ್ಲೆ ಅವರ ವಿಧವೆಯನ್ನು. ಕನ್ನಡ ಬೈಬಲ್ ಅನುವಾದದಲ್ಲಿ ದುಡಿದ ವೈಗ್ಲೆ 1855ರಲ್ಲಿ ತೀರಿಹೋಗಿದ್ದರು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಿತು ಅಂತ ಮೊಗ್ಲಿಂಗ್ ಈ ದೇಶವನ್ನೇ ಬಿಟ್ಟರು. ಇಪ್ಪತ್ತಕ್ಕಿಂತ ಹೆಚ್ಚು ವರ್ಷದ ಕೆಲಸ ಬಿಟ್ಟು ಹೋದರು. ನನಗೆ ಅವರ ಮೇಲೆ ಗೌರವ ಜಾಸ್ತಿಯಾದದ್ದು ಈ ವಿಷಯ ಓದಿದಾಗ.

ಭಾಗ 5/7

ಈಗ ಮಕ್ಕಳು. ಈ ಭಾಗ ಬರೆಯುವುದೇ ಕಷ್ಟವಾಯಿತು ಮಾರಾಯ್ರೆ.

ಇಲ್ಲಿ ಹುಟ್ಟಿದ ಮಿಷನರಿ ಮಕ್ಕಳು ಆಯಾಗಳ ಕೈಯಲ್ಲಿ, ನಮ್ಮ ಭಾಷೆ ಕೇಳುತ್ತಾ ಬೆಳೆಯುತ್ತಿದ್ದರು. ಶಾಲೆಯ ವಯಸ್ಸು, ಅಂದರೆ ಸುಮಾರು ಆರು ವರ್ಷ ಆದ ಕೂಡಲೇ ಅವರನ್ನು ಯುರೋಪಿಗೆ ಕಳಿಸಬೇಕು. 1850ರ ದಶಕದಲ್ಲಿ ಮಿಷನ್ ಇದಕ್ಕೆ ನಿಯಮವನ್ನೇ ಮಾಡಿತು, ಬಾಸೆಲ್‌ನಲ್ಲಿ ಈ ಮಕ್ಕಳಿಗಾಗಿ ವಸತಿಮನೆಯನ್ನೂ ನಡೆಸಿತು. ಕೆಲವರು ಅಲ್ಲಿ, ಕೆಲವರು ಅಜ್ಜಿ, ದೊಡ್ಡಮ್ಮನವರ ಮನೆಯಲ್ಲಿ. ಅಪ್ಪ-ಅಮ್ಮ ಮಾತ್ರ ಇಲ್ಲಿ.

ಕಾರಣಗಳು ಇದ್ದವು. ಇಲ್ಲಿನ ಸೆಕೆ, ಜ್ವರ, ಕಾಲರಾಕ್ಕೆ ಎಷ್ಟೋ ಮಕ್ಕಳು ಸಾಯುತ್ತಿದ್ದರು. ಯುರೋಪಿನ ಶಿಕ್ಷಣ ಸಿಗಬೇಕು ಅನ್ನುವುದು ಇನ್ನೊಂದು. ಮಕ್ಕಳು 'ಇಲ್ಲಿಯವರ' ಹಾಗೆ ಆಗಿಬಿಡ್ತಾರೆ ಅನ್ನುವ ಹೆದರಿಕೆಯೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಕಾರಣ ಎಷ್ಟೇ ಇರಲಿ, ಮಗುವಿಗೆ ಅದು ಅರ್ಥ ಆಗ್ತದಾ? ಮಾತಾಡುವ ಭಾಷೆ ಬಿಟ್ಟುಹೋಯಿತು, ಮಲಗಿಸುವ ಕೈ ಬಿಟ್ಟುಹೋಯಿತು. ಅಮ್ಮ ಅಂದರೆ ಇನ್ನು ಮೇಲೆ ಪತ್ರದ ಕೆಳಗಿರುವ ಒಂದು ಸಹಿ. ಪತ್ರಕ್ಕೆ ಉತ್ತರ ಬರಬೇಕಾದರೆ ತಿಂಗಳುಗಳು. ವರ್ಷಗಟ್ಟಲೆ ಆದ ಮೇಲೆ ರಜೆಯಲ್ಲಿ ತಂದೆ-ತಾಯಿ ಬಂದರೆ, ಮಗು ಆಗಲೇ ಬೆಳೆದು ನಿಂತಿರ್ತದೆ.

ಹುಡುಗ ಸಹಿ ಹಾಕಿ ಮಿಷನ್ ಸೇರಿದ. ಹುಡುಗಿ, ಒತ್ತಡದಿಂದಲೋ ಇಷ್ಟದಿಂದಲೋ, ಒಪ್ಪಿದಳು. ಮಗುವನ್ನು ಯಾರೂ ಕೇಳಲಿಲ್ಲ.

ಭಾಗ 6/7

ಒಂದು ಮಗುವಿನ ಹೆಸರು ಹೇಳ್ತೇನೆ: ಮಾರಿ ಗುಂಡರ್ಟ್.

ಅಪ್ಪ ಹರ್ಮನ್ ಗುಂಡರ್ಟ್, ಮಲಯಾಳಂ ನಿಘಂಟು ಬರೆದವರು. ಕೇರಳದವರಿಗೆ ನಮ್ಮ ಕಿಟ್ಟೆಲ್ ಇದ್ದ ಹಾಗೆ. ಅಮ್ಮ ಜೂಲಿ, ಫ್ರೆಂಚ್ ಮಾತಾಡುವ ಸ್ವಿಸ್ ಹೆಣ್ಣುಮಗಳು. ಇಬ್ಬರೂ 1838ರಲ್ಲಿ ಮದುವೆಯಾಗಿ ಮೊದಲು ಬಂದದ್ದು ಮಂಗಳೂರಿಗೆ, ಮರುವರ್ಷ ತಲಶ್ಶೇರಿಗೆ ಹೋದರು. ಮಾರಿ ಹುಟ್ಟಿದ್ದು ಅಲ್ಲಿ, 1842ರಲ್ಲಿ. ಅವಳಿಗೆ ಮೂರು-ನಾಲ್ಕು ವರ್ಷ ಇದ್ದಾಗ ಅಪ್ಪ-ಅಮ್ಮ ಯುರೋಪಿಗೆ ಕರೆದುಕೊಂಡು ಹೋದರು. ವಾಪಸು ಬರುವಾಗ ಅವಳನ್ನು ಅಲ್ಲೇ ಬಿಟ್ಟು ಬಂದರು.

ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ಆಗ ವಯಸ್ಸು ಸುಮಾರು 15. ನಡುವಿನ ಹತ್ತು ಹನ್ನೊಂದು ವರ್ಷ ಲೆಕ್ಕ ಹಾಕಿ. ನಮ್ಮ ಯುಕೆಜಿಯಿಂದ ಎಸ್ಎಸ್ಎಲ್‌ಸಿವರೆಗಿನ ಪೂರ್ತಿ ಬಾಲ್ಯ ಅದು.

ಮುಂದೆ ಅವಳೂ ಒಬ್ಬ ಮಿಷನರಿಯನ್ನೇ ಮದುವೆಯಾಗಿ ಸಿಂಧ್ ಪ್ರಾಂತಕ್ಕೆ ಹೋದಳು. 1870ರಲ್ಲಿ ಗಂಡ ತೀರಿಹೋದ. ಎರಡು ಮಕ್ಕಳ ಜೊತೆ ಜರ್ಮನಿಯ ಕಾಲ್ವ್ ಊರಿನಲ್ಲಿ ಅಪ್ಪನ ಹತ್ತಿರ ಇದ್ದಳು. ಆಗ ಅಲ್ಲಿಗೆ ಗುಂಡರ್ಟರ ಸಹಾಯಕನಾಗಿ ಒಬ್ಬ ಬಂದ. ಮಂಗಳೂರಿನಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು, 1873ರಲ್ಲಿ ವಾಪಸಾಗಿದ್ದ ಯೊಹಾನೆಸ್ ಹೆಸ್ಸೆ. 1874ರಲ್ಲಿ ಇಬ್ಬರ ಮದುವೆ. 1877ರಲ್ಲಿ ಹುಟ್ಟಿದ ಮಗನ ಹೆಸರು ಹರ್ಮನ್ ಹೆಸ್ಸೆ. 'ಸಿದ್ಧಾರ್ಥ' ಕಾದಂಬರಿ ಬರೆದವರು, 1946ರ ನೊಬೆಲ್ ಪಡೆದವರು, ಅವರೇ!

ಆದರೆ ನನ್ನನ್ನು ನಿಲ್ಲಿಸಿದ್ದು ನೊಬೆಲ್ ಅಲ್ಲ. 1881ರಲ್ಲಿ ಈ ಕುಟುಂಬ ಬಾಸೆಲ್‌ಗೆ ಹೋಯಿತು. 1884ರಲ್ಲಿ, ಆರೂವರೆ ವರ್ಷದ ಹರ್ಮನ್ ತುಂಬಾ ಹಟ ಮಾಡ್ತಾನೆ ಅಂತ ಅವನನ್ನು ಕೆಲವು ತಿಂಗಳು ಮಿಷನ್‌ನ ಹುಡುಗರ ವಸತಿಮನೆಯಲ್ಲಿ ಬಿಟ್ಟರು. ಮನೆಗೆ ಬರುವುದು ಭಾನುವಾರ ಮಾತ್ರ. ಅಪ್ಪ-ಅಮ್ಮ ಇದ್ದದ್ದು ಅದೇ ಊರಿನಲ್ಲಿ! ತಾನು ಹಾಗೆ ಬೆಳೆದ ಅಮ್ಮನೇ ಮಗನನ್ನು ಹಾಗೆ ಬಿಟ್ಟಳಾ ಅಂತ ಸಿಟ್ಟು ಬರ್ತದೆ. ಆಮೇಲೆ ಅನಿಸ್ತದೆ, ಮಕ್ಕಳನ್ನು ಬೆಳೆಸುವುದೆಂದರೆ ಹೀಗೇ ಅಂತ ಅವಳಿಗೆ ಅಷ್ಟು ಸಣ್ಣದರಲ್ಲೇ ಅಭ್ಯಾಸ ಆಗಿತ್ತೋ ಏನೋ.

ಭಾಗ 7/7

ಪ್ರಯಾಣ ಒಂದೇ ದಿಕ್ಕಿನದ್ದಲ್ಲ ಅನ್ನುವುದನ್ನೂ ಹೇಳಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದರು. 1846ರಲ್ಲಿ ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಅದೇ ತರಬೇತಿ ಶಾಲೆಯಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮಿಷನರಿಯಾಗಿ ಊರಿಗೆ ವಾಪಸಾದರು. ಸಮುದ್ರ ದಾಟುವುದೇ ತಪ್ಪು ಅಂತಿದ್ದ ಕಾಲ ಅದು. ಅವರು ಬಿಟ್ಟು ಹೋದ ಮನೆಯಲ್ಲಿ ಆ ದಿನ ಒಲೆ ಹೊತ್ತಿತ್ತಾ ಅಂತ ಯೋಚಿಸಿ ನೋಡಿ. ಹೊರಟವರ ಕಥೆ ಪುಸ್ತಕದಲ್ಲಿ ಉಂಟು. ಉಳಿದವರದ್ದು ಹುಡುಕಬೇಕು.

ಹಾಗಾದರೆ ಬಾಸೆಲ್‌ನವರು ಮಾಡಿದ್ದು ಎಲ್ಲ ತಪ್ಪಾ? ನಾನು ಹಾಗೆ ಹೇಳುವುದಿಲ್ಲ. ಕಿಟ್ಟೆಲ್ ನಿಘಂಟು ನಮ್ಮ ಕಾಲೇಜು ಲೈಬ್ರರಿಯಲ್ಲಿ ಉಂಟು, ಎರಡೂ ಕೈಯಲ್ಲಿ ಎತ್ತಬೇಕು, ಅಷ್ಟು ಭಾರ. ಮೊನ್ನೆ ಅದನ್ನು ಎತ್ತುವಾಗ ಮೊದಲ ಸಲ ಪೌಲಿನ್ ಮತ್ತು ಜೂಲಿ ನೆನಪಾದರು. ಇನ್ನು ಮುಂದೆ ನನಗೆ ಆ ಪುಸ್ತಕ ಒಬ್ಬರದ್ದು ಅಂತ ಅನಿಸುವುದಿಲ್ಲ.

ಇನ್ನು ನಮ್ಮ ಮನೆ. ಅಕ್ಕನನ್ನು ನಾನು ಆ ಹೆಂಗಸರ ಜೊತೆ ಹೋಲಿಸುವುದಿಲ್ಲ. ಅವಳು ಹೋಗುವುದು ಸಾಲ ತೀರಿಸುವುದಕ್ಕೆ, ಮನೆ ನಡೆಸುವುದಕ್ಕೆ. ದಿನಾ ವಿಡಿಯೋ ಕಾಲ್ ಉಂಟು, ವಿಮಾನ ಉಂಟು. ಆದರೆ ಈ ಸರಣಿಯ ಭಾಗ 5 ಬರೆದ ರಾತ್ರಿ ನಾನು ಅಕ್ಕನ ಹತ್ತಿರ ಕೂತು ಒಂದೇ ಮಾತು ಕೇಳಿದೆ: "ಅವನಿಗೆ ಹೇಳಿದ್ದೀಯಾ?" ಇಲ್ಲ, ಹೇಳಿರಲಿಲ್ಲ. ಅವನು ಮಲಗಿದಾಗ ಹೊರಡುವುದು ಅಂತ ಅಮ್ಮನೂ ಅವಳೂ ಮಾತಾಡಿಕೊಂಡಿದ್ದರು, ಅಳ್ತಾನೆ ಅಂತ.

ನಿನ್ನೆ ಅಕ್ಕ ಅವನಿಗೆ ಹೇಳಿದಳು. ಗ್ಲೋಬ್ ಇಲ್ಲ, ನನ್ನ ಫೋನಿನ ಮ್ಯಾಪ್ ತೋರಿಸಿ, ಇಲ್ಲಿ ಮಂಗಳೂರು, ಇಲ್ಲಿ ಅಮ್ಮ ಇರ್ತಾಳೆ, ನಡುವೆ ಇಷ್ಟು ನೀರು. ಅವನು ಅತ್ತ. ಜೋರಾಗಿಯೇ ಅತ್ತ. ಆಮೇಲೆ ಕೇಳಿದ, "ನನ್ನ ಬ್ಯಾಗ್ ಯಾವಾಗ ತೂಗುವುದು?" ಅಕ್ಕ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ತೋರಿಸಿದಳು. ಅದು ನಿಜ ಆಗಲಿ ಅಂತ ನಮ್ಮ ಆಸೆ.

ನಿಮ್ಮ ಮನೆಯಿಂದಲೂ ಯಾರಾದರೂ ಮುಂಬೈಗೋ ಗಲ್ಫಿಗೋ ಹೋಗಿರ್ತಾರೆ. ಅವರ ಕಥೆ ನಿಮಗೆ ಗೊತ್ತಿರ್ತದೆ. ಈ ಸಲ ಮನೆಯಲ್ಲಿ ಉಳಿದವರನ್ನು ಕೇಳಿ, ಅಜ್ಜಿಯನ್ನು, ಅಮ್ಮನನ್ನು, ನಿಮ್ಮನ್ನೇ ಆದರೂ ಸರಿ. ಹೇಳಬೇಕು ಅನಿಸಿದರೆ ಕಾಮೆಂಟಿನಲ್ಲಿ ಬರೆಯಿರಿ, ನಾನು ಎಲ್ಲವನ್ನೂ ಓದ್ತೇನೆ.

#ಊರಿನಕಥೆ #ಬಾಸೆಲ್‌ಮಿಷನ್ #ಮಂಗಳೂರು #ಕನ್ನಡದಲ್ಲಿಇತಿಹಾಸ